ದಕ್ಷಿಣದ ದಿಗಂತವನ್ನೂ ನೋಡಬೇಕು

ಶಿವಮೊಗ್ಗ ಜಿಲ್ಲೆಯ ಸಾಗರ ಪಟ್ಟಣದ ಬಳಿ ಹವ್ಯಾಸಿ ಖಗೋಳಾಸಕ್ತರು ಹುಣ್ಣಿಮೆಯ ಹಿಂದಿನ ಸಂಜೆ ನಡೆಸಿದ ಆಕಾಶ ವೀಕ್ಷಣೆಯ ವರದಿ ಸಂತೋಷ ತಂದಿತು; ಆದರೆ ದಿನದ ಆಯ್ಕೆಯ ಬಗ್ಗೆ ನನ್ನದೊಂದು ತಕರಾರಿದೆ. ಹುಣ್ಣಿಮೆಯ ಆಸುಪಾಸಿನಲ್ಲಿ ಸೂರ್ಯನ ಬೆಳಕು ಚಂದ್ರನ ಮೇಲೆ ನೇರವಾಗಿ ಬೀಳುವುದರಿಂದ ಕುಳಿಗಳ ನೆರಳು ಅಳಿದು, ದೂರದರ್ಶಕದಲ್ಲಿ ಅವನು ಸಪಾಟಾಗಿ ಕಾಣುತ್ತಾನೆ, ಮಸುಕಾದ ನಕ್ಷತ್ರಗಳನ್ನೂ ಮರೆಮಾಡುತ್ತಾನೆ. ಕುಳಿಗಳನ್ನು ನೋಡಲು ಶುಕ್ಲಪಕ್ಷದ ಅಷ್ಟಮಿ, ಉಳಿದದ್ದಕ್ಕೆ ಅಮಾವಾಸ್ಯೆಯೇ ಸರಿ. ಸಂಘಟಕರು ಕೆಂಪು ಟಾರ್ಚನ್ನಷ್ಟೇ ಬಳಸಿದ್ದು ಮೆಚ್ಚತಕ್ಕದ್ದು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು 20–30 ನಿಮಿಷ ಬೇಕು, ಮಂದ ಕೆಂಪು ಬೆಳಕು ಆ ಹೊಂದಾಣಿಕೆಯನ್ನು ಅಷ್ಟಾಗಿ ಕೆಡಿಸುವುದಿಲ್ಲ; ಬೆಳದಿಂಗಳಲ್ಲಿ ಮಾತ್ರ ಆ ಶ್ರಮಕ್ಕೆ ಫಲ ಕಡಿಮೆ.

ನಮ್ಮ ಜಿಲ್ಲೆ ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದು ನಮಗೊಂದು ಲಾಭ. ಯುರೋಪಿನ ಬಹುಭಾಗಕ್ಕೆ ಕಾಣದ, ಸುಮಾರು 17,000 ಜ್ಯೋತಿರ್ವರ್ಷ ದೂರದ ಒಮೆಗಾ ಸೆಂಟಾರಿ ಎಂಬ ಗೋಳಾಕಾರದ ನಕ್ಷತ್ರಗುಚ್ಛ ಏಪ್ರಿಲ್, ಮೇ ತಿಂಗಳ ರಾತ್ರಿಗಳಲ್ಲಿ ಇಲ್ಲಿ ದಕ್ಷಿಣಕ್ಕೆ ಸುಮಾರು 28 ಡಿಗ್ರಿ ಎತ್ತರಕ್ಕೇರುತ್ತದೆ, ಸಾಧಾರಣ ಬೈನಾಕ್ಯುಲರ್‌ಗೂ ಸಿಗುತ್ತದೆ. (ಮೇ ತಿಂಗಳ ಸಂಜೆಯ ಮೋಡವನ್ನು ನಂಬುವಂತಿಲ್ಲ, ಏಪ್ರಿಲ್ ಮೇಲು.) ಶಿಲುಬೆಯಾಕಾರದ ತ್ರಿಶಂಕು ನಕ್ಷತ್ರಪುಂಜ ಅದಕ್ಕಿಂತ ಕೆಳಗೆ, 16 ಡಿಗ್ರಿಯ ಸುತ್ತ ಇರುವುದರಿಂದ ಅಡಿಕೆ ತೋಟದ ಅಂಚಿನಲ್ಲಿ ನಿಂತರೆ ಮರಗಳೇ ಅಡ್ಡ ಬರುತ್ತವೆ, ದಕ್ಷಿಣಕ್ಕೆ ತೆರೆದುಕೊಂಡ ಗದ್ದೆ ಬಯಲನ್ನೋ ಗುಡ್ಡದ ನೆತ್ತಿಯನ್ನೋ ಹುಡುಕಿಕೊಳ್ಳುವುದು ಒಳ್ಳೆಯದು.