ಜ್ಯೂರಿ ಮನೆಗೆ ಹೋದ ಮೇಲೆ ಕೇಳಿ ಪ್ರಯೋಜನವಿಲ್ಲ

ಅಮೆರಿಕದ ಕ್ರಿಮಿನಲ್ ಕೇಸೊಂದರಲ್ಲಿ ಜ್ಯೂರಿ (ತೀರ್ಪು ಹೇಳುವ ಸಾಮಾನ್ಯ ನಾಗರಿಕರ ತಂಡ) ಒಮ್ಮತಕ್ಕೆ ಬರಲಿಲ್ಲ ಎಂದು ಸುದ್ದಿಯಾದರೆ, ಆರೋಪಿ ಪಾರಾದನೆಂದೇ ನಮ್ಮವರಲ್ಲಿ ಅನೇಕರು ತಿಳಿಯುತ್ತಾರೆ. ಪಾರಾಗಿರುವುದಿಲ್ಲ. ಅಂಥ ಕೇಸಿನಲ್ಲಿ ಮರುವಿಚಾರಣೆ ನಡೆಸಬಹುದೆಂದು ಅಮೆರಿಕದ ಸುಪ್ರೀಂ ಕೋರ್ಟ್ 1824ರ ಪೆರೆಜ್ ಪ್ರಕರಣದಲ್ಲೇ ಹೇಳಿಬಿಟ್ಟಿದೆ. ಒಂದೇ ಅಪರಾಧಕ್ಕೆ ಎರಡು ಸಲ ಕಟಕಟೆ ಹತ್ತಿಸಬಾರದು ಎನ್ನುತ್ತದೆ ಅಮೆರಿಕ ಸಂವಿಧಾನದ ಐದನೇ ತಿದ್ದುಪಡಿ, ನಿಜ. ಆದರೆ 1984ರ ರಿಚರ್ಡ್‌ಸನ್ ತೀರ್ಪಿನ ಪ್ರಕಾರ ಜ್ಯೂರಿ ಒಡೆದಾಗ ಮೊದಲನೇ ಸಲವೇ ಇನ್ನೂ ಮುಗಿದಿರುವುದಿಲ್ಲ!

ಮರುವಿಚಾರಣೆ ತಡೆಯುವ ದಾರಿಗಳು ಕೆಲವೇ. ಫೆಡರಲ್ (ಕೇಂದ್ರದ) ಕೋರ್ಟಾದರೆ, ಜ್ಯೂರಿಯನ್ನು ಬಿಡುಗಡೆ ಮಾಡಿದ 14 ದಿನದೊಳಗೆ ಅಲ್ಲಿನ ಕ್ರಿಮಿನಲ್ ವಿಚಾರಣಾ ನಿಯಮಾವಳಿಯ 29ನೇ ನಿಯಮದಡಿ ಸಾಕ್ಷ್ಯ ಸಾಲದೆಂದು ಖುಲಾಸೆ ಕೋರಬಹುದು. ನ್ಯಾಯಾಧೀಶರು ಒಪ್ಪಿದರೆ ಸರ್ಕಾರಕ್ಕೆ ಮೇಲ್ಮನವಿಯೂ ಇಲ್ಲ. ಕೆಲವು ಆರೋಪಗಳಲ್ಲಿ ಖುಲಾಸೆಯಾಗಿ ಉಳಿದವು ನೇತಾಡುತ್ತಿದ್ದರೆ 2009ರ ಯೇಗರ್ ತೀರ್ಪನ್ನು ಹಿಡಿಯಬಹುದು: ಖುಲಾಸೆಯಲ್ಲಿ ಇತ್ಯರ್ಥವಾದ ಸಂಗತಿಯ ಮೇಲೇ ನಿಂತ ಆರೋಪವನ್ನು ಮತ್ತೆ ಎತ್ತುವಂತಿಲ್ಲ. ತೊಡಕೆಂದರೆ ಜ್ಯೂರಿ ಕಾರಣ ಬರೆಯುವುದಿಲ್ಲ. ಏನು ಇತ್ಯರ್ಥವಾಯಿತೆಂದು ತೋರಿಸಲು ವಕೀಲರು ಇಡೀ ವಿಚಾರಣೆಯ ದಾಖಲೆಯನ್ನು ಜಾಲಾಡಬೇಕು. ಮೂರನೆಯದು, ವಿಚಾರಣೆ ನಿಲ್ಲಿಸುವ ಅಗತ್ಯವೇ ಇರಲಿಲ್ಲ ಎಂಬ ವಾದ. ಹೆಚ್ಚಿನವರು ಮುಗ್ಗರಿಸುವುದು ಇಲ್ಲೇ. ನ್ಯಾಯಾಧೀಶರು ಜ್ಯೂರಿಯನ್ನು ಕಳಿಸುವಾಗ ಆರೋಪಿಯ ವಕೀಲ ಸುಮ್ಮನಿದ್ದರೆ ಒಪ್ಪಿದಂತೆ ಎಂದು ಅನೇಕ ಕೋರ್ಟುಗಳು ಎಣಿಸುತ್ತವೆ.

ಮ್ಯಾಸಚೂಸೆಟ್ಸ್‌ನ ಕ್ಯಾರನ್ ರೀಡ್ ಕೇಸನ್ನೇ ನೋಡಿ. ಬಾಸ್ಟನ್ ಪೊಲೀಸ್ ಅಧಿಕಾರಿಯೊಬ್ಬರ ಸಾವಿನ ಸಂಬಂಧ ಆಕೆಯ ಮೇಲೆ ಮೂರು ಆರೋಪ. 2024ರ ಜುಲೈ 1ರಂದು ಜ್ಯೂರಿ ಕೈಚೆಲ್ಲಿತು. ಕೊಲೆ ಮತ್ತು ಸ್ಥಳ ಬಿಟ್ಟು ಹೋದ ಆರೋಪಗಳಲ್ಲಿ ತಾವೆಲ್ಲ ಖುಲಾಸೆಗೆ ಒಪ್ಪಿದ್ದೆವು, ಜಗಳವಿದ್ದದ್ದು ಉಳಿದೊಂದರಲ್ಲಿ, ಅಂದರೆ ಕುಡಿದು ಗಾಡಿ ಓಡಿಸಿ ಸಾವಿಗೆ ಕಾರಣವಾದ ಆರೋಪದಲ್ಲಿ ಮಾತ್ರ ಎಂಬ ಮಾತು ಜ್ಯೂರಿಯವರಿಂದ ವಕೀಲರಿಗೆ ತಲುಪಿದ್ದು ಆಮೇಲೆ. ಆ ಎರಡನ್ನು ಕೈಬಿಡಿ ಎಂಬ ಅರ್ಜಿ ವಿಚಾರಣಾ ಕೋರ್ಟಿನಲ್ಲಿ ಬಿತ್ತು, 2025ರ ಫೆಬ್ರವರಿಯಲ್ಲಿ ರಾಜ್ಯದ ಅತ್ಯುನ್ನತ ಕೋರ್ಟಿನಲ್ಲಿ ಬಿತ್ತು, ಫೆಡರಲ್ ಕೋರ್ಟುಗಳಲ್ಲೂ ಬಿತ್ತು. ತೆರೆದ ಕೋರ್ಟಿನಲ್ಲಿ ಘೋಷಿಸಿ ದೃಢಪಡಿಸದ ತೀರ್ಪು ತೀರ್ಪೇ ಅಲ್ಲ ಎಂಬುದು ಕಾರಣ. ಮರುವಿಚಾರಣೆ ನಡೆದೇ ನಡೆಯಿತು. 2025ರ ಜೂನ್‌ನಲ್ಲಿ ಮೂರರಲ್ಲೂ ಖುಲಾಸೆಯಾಗಿ, ಕುಡಿದು ಗಾಡಿ ಓಡಿಸಿದ್ದಕ್ಕಷ್ಟೇ ಶಿಕ್ಷೆಯಾಯಿತು.

ನನ್ನ ತಕರಾರು ಇಷ್ಟೇ. ಜ್ಯೂರಿಯನ್ನು ಕಳಿಸುವ ಮುನ್ನ "ಒಂದನೇ ಆರೋಪ? ಎರಡನೆಯದು?" ಎಂದು ಕೇಳಲು ಐದು ನಿಮಿಷ ಬೇಕಿಲ್ಲ. ಹಾಗೆ ಕೇಳಲು ನ್ಯಾಯಾಧೀಶರಿಗೆ ಅವಕಾಶವಿದೆ, ಬಹುತೇಕ ಕಡೆ ಕಡ್ಡಾಯವಿಲ್ಲ. ಕಡ್ಡಾಯವಾಗಬೇಕು. ಅಲ್ಲಿಯತನಕ ಆರೋಪವಾರು ಕೇಳಿಸಿ ಎಂದು ವಕೀಲರೇ ಎದ್ದು ನಿಂತು ದಾಖಲೆಗೆ ಬರುವಂತೆ ಹೇಳಬೇಕು. ಹೇಳಿದರೂ ಸಿಗುತ್ತದೆಂದಲ್ಲ. 2012ರ ಬ್ಲೂಫರ್ಡ್ ಕೇಸಿನಲ್ಲಿ ಕೊಲೆ ಆರೋಪಕ್ಕೆ ಎಲ್ಲರೂ ವಿರುದ್ಧ ಎಂದು ಜ್ಯೂರಿಯ ಮುಖ್ಯಸ್ಥೆ ಕೋರ್ಟಿನಲ್ಲೇ ಹೇಳಿದ್ದಳು, ಅದೂ ಸಾಲದಾಯಿತು.

ನಮ್ಮ ಸೆಷನ್ಸ್ ಕೋರ್ಟಿನಲ್ಲಿ ಈ ತಾಪತ್ರಯವಿಲ್ಲ. ತೀರ್ಮಾನಿಸಬೇಕಾದ ಅಂಶ, ಉತ್ತರ, ಕಾರಣ ಮೂರನ್ನೂ ನ್ಯಾಯಾಧೀಶರೇ ಬರೆಯಬೇಕು. ಆರೋಪವೊಂದು ಉತ್ತರವಿಲ್ಲದೆ ಉಳಿಯುವಂತಿಲ್ಲ. ಜ್ಯೂರಿ ಇದ್ದ ಕಾಲದಲ್ಲೂ ನಮ್ಮದು ಬೇರೆ ರೀತಿ: ನೌಕಾಪಡೆ ಅಧಿಕಾರಿ ನಾನಾವತಿಯ ಕೊಲೆ ಕೇಸಿನಲ್ಲಿ ನಿರ್ದೋಷಿ ಎಂದ 8-1ರ ಬಹುಮತವೇ ತೀರ್ಪಾಗಿತ್ತು, ಅದನ್ನು ಒಪ್ಪದ ನ್ಯಾಯಾಧೀಶರು ಹೈಕೋರ್ಟಿಗೆ ಕಳಿಸಿದರು, ಅಲ್ಲಿ ಶಿಕ್ಷೆಯಾಯಿತು. ಅಮೆರಿಕದಲ್ಲಿ ಹಾಗೆ ಮಾಡುವಂತಿಲ್ಲ. ಈಗಲೂ ನಮ್ಮಲ್ಲಿ ಖುಲಾಸೆಯ ವಿರುದ್ಧ ಸರ್ಕಾರ ಹೈಕೋರ್ಟಿಗೆ ಹೋಗಬಹುದು, ಹೈಕೋರ್ಟ್ ಮರುವಿಚಾರಣೆಗೂ ಆದೇಶಿಸಬಹುದು. ಅಮೆರಿಕದಲ್ಲಿ ಜ್ಯೂರಿ ಒಮ್ಮೆ 'ತಪ್ಪಿತಸ್ಥಳಲ್ಲ' ಅಂದರೆ ಸರ್ಕಾರಿ ವಕೀಲರು ಫೈಲು ಮುಚ್ಚಬೇಕು.