ದೋಣಿಯ ತೂಕವೂ ಸಂಸಾರದ ತೂಕವೂ

ಒಳಗೆ ಮಲಗಲು ಜಾಗವಿರುವ ವಿಹಾರದ ದೋಣಿಯನ್ನು ಕೊಳ್ಳುವವರು ಅದರ ಬಣ್ಣ, ಮೆತ್ತೆಯ ಬಟ್ಟೆ ಮತ್ತು ಅದಕ್ಕೆ ಇಡಬೇಕಾದ ಹೆಸರಿನ ಬಗ್ಗೆ ತಿಂಗಳುಗಟ್ಟಲೆ ಚರ್ಚಿಸುತ್ತಾರೆ. ಅದನ್ನು ನೂರಾರು ಕಿಲೋಮೀಟರ್ ಹೊತ್ತೊಯ್ಯಬೇಕಾದ ಟ್ರೇಲರಿನ ಮಾತು ಬಂದಾಗ ಮಾತ್ರ "ಯಾವುದಾದರೂ ಒಂದು ಕೊಡಿ" ಎಂದುಬಿಡುತ್ತಾರೆ. ನಮ್ಮ ಮನೆಯಲ್ಲಿ ಹಾಗಾಗಲು ಅವಕಾಶವೇ ಇರಲಿಲ್ಲ, ಏಕೆಂದರೆ ಲೆಕ್ಕಪರಿಶೋಧನೆಯಲ್ಲಿ ಇಡೀ ಆಯುಷ್ಯ ಕಳೆದು ನಿವೃತ್ತರಾದ ಮಾವನವರು ಅಂಗಡಿಗೆ ನಮ್ಮೊಡನೆಯೇ ಬಂದಿದ್ದರು.

ಮಾರಾಟಗಾರ ಕೊಟ್ಟ ಬಣ್ಣದ ಹಾಳೆಯಲ್ಲಿ ದೋಣಿಯ ತೂಕ 1,500 ಕಿಲೋ ಎಂದು ದಪ್ಪ ಅಕ್ಷರದಲ್ಲಿತ್ತು. ಮಾವನವರು ಕನ್ನಡಕ ಸರಿಪಡಿಸಿಕೊಂಡು ಅದರಡಿಯಲ್ಲಿದ್ದ ಸಣ್ಣ ಅಕ್ಷರಗಳನ್ನು ಓದಿದರು: ಇದರಲ್ಲಿ ಎಂಜಿನ್ ಸೇರಿಲ್ಲ, ಪೆಟ್ರೋಲ್ ಸೇರಿಲ್ಲ, ನೀರು, ಬ್ಯಾಟರಿ, ಲಂಗರು ಯಾವುದೂ ಸೇರಿಲ್ಲ. "ಅಳಿಯಂದಿರೇ, ಇದು ಮದುವೆಗೆ ಮುಂಚಿನ ತೂಕ" ಎಂದು ಅವರು ಜೇಬಿನಿಂದ ಪೆನ್ನು ತೆಗೆದರು. ಎಂಜಿನ್ನಿಗೆ 250 ಕಿಲೋ. ಪೆಟ್ರೋಲು ನೀರಿಗಿಂತ ಹಗುರವಾದ್ದರಿಂದ 200 ಲೀಟರಿಗೆ ಸುಮಾರು 150. ನೂರು ಲೀಟರ್ ಕುಡಿಯುವ ನೀರಿಗೆ ಸರಿಯಾಗಿ 100. ಬ್ಯಾಟರಿ, ಲಂಗರು, ಹಗ್ಗಗಳ ಜೊತೆಗೆ ಹಾಸಿಗೆ, ಒಲೆ, ಪಾತ್ರೆಗಳನ್ನೂ ಸೇರಿಸಿ ನಾನು ನೂರು ಕಿಲೋ ಸಾಕೆಂದೆ. ಅಷ್ಟು ಹೊತ್ತು ಮೆತ್ತೆಯ ಬಟ್ಟೆಯನ್ನು ಮುಟ್ಟಿ ನೋಡುತ್ತಿದ್ದ ನನ್ನ ಹೆಂಡತಿ ತಿರುಗಿಯೂ ನೋಡದೆ, "ರೀ, ನೀರಿನ ಮಧ್ಯದಲ್ಲಿ ಅಂಗಡಿ ಇರುವುದಿಲ್ಲ" ಎಂದಳು. ಮಾವನವರು ಮಗಳ ಮಾತಿಗೆ ಬೆಲೆ ಕೊಟ್ಟು 200 ಎಂದು ಬರೆದುಕೊಂಡರು. ಮೊತ್ತ 2,200 ಕಿಲೋ ಆಯಿತು.

ಮಾರಾಟಗಾರ ಸಂತೋಷದಿಂದ 2,500 ಕಿಲೋ ಎಂಬ ಫಲಕವಿದ್ದ ಟ್ರೇಲರೊಂದನ್ನು ತೋರಿಸಿದ. ಆ ಅಂಕಿಯಲ್ಲಿ ಟ್ರೇಲರಿನ ಸ್ವಂತ ತೂಕವೂ ಅಡಗಿರುತ್ತದೆ ಎಂಬುದನ್ನು ಅವನಾಗಿ ಹೇಳಲಿಲ್ಲ. ಟ್ರೇಲರೇ 500 ಕಿಲೋ ತೂಗಿದರೆ ದೋಣಿಗೆ ಉಳಿಯುವುದು 2,000 ಮಾತ್ರ. ಮೇಲಾಗಿ ದೂರದ ಪ್ರಯಾಣದಲ್ಲಿ ಮಿತಿಯ ಅಂಚಿನವರೆಗೆ ತುಂಬಬಾರದು, ಶೇ. 15ರಷ್ಟಾದರೂ ಖಾಲಿ ಬಿಡಬೇಕು ಎಂಬುದು ಬಲ್ಲವರ ಸಲಹೆ. ದೋಣಿ, ಟ್ರೇಲರು ಸೇರಿ 2,700 ಕಿಲೋ; ಆ ಲೆಕ್ಕದಂತೆ ನಮಗೆ ಬೇಕಾಗಿದ್ದುದು 3,200 ಕಿಲೋ ತಾಳುವ ಟ್ರೇಲರು. ಮಾರಾಟಗಾರನ ನಗು ಆಗ ಮೊದಲ ಬಾರಿಗೆ ನಿಜವಾದದ್ದೆನಿಸಿತು.

ಉಳಿದ ನಿರ್ಧಾರಗಳಿಗೆ ಕಾರಣ, ಅಂಗಡಿಗೆ ಹೋಗುವ ಮೊದಲೇ ಸ್ನೇಹಿತರೊಬ್ಬರ ಚಿಕ್ಕ ದೋಣಿಯನ್ನು ಅವರ ಹಳೆಯ ಒಂಟಿ ಆಕ್ಸಲ್ಲಿನ (ಒಂದೇ ಜೋಡಿ ಚಕ್ರದ) ಟ್ರೇಲರಿನಲ್ಲಿ ಎಳೆದುಕೊಂಡು ಹೋಗಿದ್ದ ಪ್ರವಾಸ. ಮಕ್ಕಳು ಯಾರಿಗೂ ಹೇಳದೆ ನೀರಿನ ಕ್ಯಾನುಗಳನ್ನೂ ಮಡಿಸುವ ಕುರ್ಚಿಗಳನ್ನೂ ದೋಣಿಯ ಹಿಂಭಾಗಕ್ಕೆ ಪೇರಿಸಿದ್ದರು. ಒಟ್ಟು ತೂಕದಲ್ಲಿ ಶೇ. 5ರಿಂದ 10ರಷ್ಟು ಕಾರಿನ ಕೊಕ್ಕೆಯ ಮೇಲೆ ಕೂರಬೇಕು. ಅದು ಕಡಿಮೆಯಾದರೆ ವೇಗ ಹೆಚ್ಚಿದಂತೆ ಟ್ರೇಲರು ಎಡಕ್ಕೂ ಬಲಕ್ಕೂ ತೂಗಾಡತೊಡಗುತ್ತದೆ, ಅತಿಯಾದರೆ ಕಾರಿನ ಹಿಂಭಾಗ ಕುಸಿದು ಮುಂದಿನ ಚಕ್ರಗಳ ಹಿಡಿತ ಸಡಿಲವಾಗುತ್ತದೆ. ನಮ್ಮದು ತೂಗಾಡಿತು. ಗಟ್ಟಿಯಾಗಿ ಬ್ರೇಕ್ ಹಾಕದೆ ಆಕ್ಸಿಲರೇಟರಿನಿಂದ ಮೆಲ್ಲನೆ ಕಾಲು ತೆಗೆಯಬೇಕೆಂಬುದು ನನಗೆ ತಿಳಿದಿತ್ತು. ಹಿಂದಿನ ಸೀಟಿನಿಂದ ಏಕಕಾಲಕ್ಕೆ ಬಂದ "ಬ್ರೇಕ್ ಹಾಕಿ", "ಬೇಡ", "ಅಯ್ಯೋ" ಎಂಬ ಮೂರು ಸಲಹೆಗಳಲ್ಲಿ ಆ ಸಲಹೆ ಇರಲಿಲ್ಲ. ರಸ್ತೆಯ ಬದಿಗೆ ನಿಲ್ಲಿಸಿ ಕ್ಯಾನುಗಳನ್ನು ಮುಂದಕ್ಕೆ ಸರಿಸಿದ ಮೇಲೆ ದೋಣಿ ಸಭ್ಯವಾಗಿ ಹಿಂಬಾಲಿಸಿತು.

ಅದೇ ದಾರಿಯಲ್ಲಿ ಟೈರೂ ಸಿಡಿಯಿತು. ಟ್ರೇಲರಿನ ಟೈರುಗಳು ಸಾಮಾನ್ಯವಾಗಿ ಸವೆದು ಸಾಯುವುದಿಲ್ಲ, ನಿಂತಲ್ಲೇ ಮುಪ್ಪಾಗಿ ಸಾಯುತ್ತವೆ. ಈ ಟೈರಿನ ಗೀರುಗಳು ಹೊಸದರಂತೆ ಹೊಳೆಯುತ್ತಿದ್ದರೂ ಪಕ್ಕದ ರಬ್ಬರು ಬಿರುಕು ಬಿಟ್ಟಿತ್ತು. ಎರಡು ಆಕ್ಸಲ್ ಇದ್ದಿದ್ದರೆ ಉಳಿದ ಮೂರು ಚಕ್ರಗಳು ದೋಣಿಯನ್ನು ಎತ್ತಿ ಹಿಡಿದು ಬದಿಗೆ ತಲುಪಿಸುತ್ತಿದ್ದವು. ಸ್ಟೆಪ್ನಿ ಇತ್ತು, ಆದರೆ ಕಾರಿನ ಜಾಕು ಟ್ರೇಲರಿನ ಅಡಿಗೆ ಯಾವ ಕೋನದಿಂದಲೂ ಒಗ್ಗಲಿಲ್ಲ. ಸಹಾಯಕ್ಕೆ ನಿಂತ ಲಾರಿ ಚಾಲಕರು ಮೌನವಾಗಿ ಚಕ್ರ ಬದಲಿಸಿಕೊಟ್ಟು, ಹೊರಡುವಾಗ "ಸಮುದ್ರ ಇನ್ನೂ ದೂರವಿದೆ" ಎಂಬ ಮಾಹಿತಿಯನ್ನಷ್ಟೇ ನೀಡಿದರು.

ಮಾವನವರನ್ನು ಮಾತ್ರ ಹೆಚ್ಚು ಕಾಡಿದ್ದು ಚಕ್ರ ಸಲೀಸಾಗಿ ತಿರುಗಲು ಅದರೊಳಗಿರುವ ಬೇರಿಂಗು. ಗಂಟೆಗಟ್ಟಲೆ ಓಡಿ ಬಿಸಿಯಾದ ಹಬ್ಬನ್ನು (ಬೇರಿಂಗು ಕೂರುವ ಚಕ್ರದ ನಡುಭಾಗವನ್ನು) ಹಾಗೆಯೇ ನೀರಿಗಿಳಿಸಿದರೆ ಒಳಗಿನ ಗಾಳಿ ತಣಿದು ಕುಗ್ಗುತ್ತದೆ, ಕುಗ್ಗುವಾಗ ಸೀಲಿನ ಸಂದಿಯಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ, ನೀರು ಕಂಡ ಬೇರಿಂಗು ಮುಂದಿನ ಪ್ರಯಾಣದಲ್ಲಿ ಕೈ ಕೊಡುತ್ತದೆ. ಇದನ್ನು ಓದಿದಂದಿನಿಂದ ಅವರು ನಾವು ನಿಂತಲ್ಲೆಲ್ಲ ಮೊದಲು ತಾವೇ ಇಳಿದು ಹಬ್ಬುಗಳನ್ನು ಅಂಗೈಯಿಂದ ಮುಟ್ಟಿ ನೋಡುತ್ತಾರೆ. ಅವರು ತಲೆಯಾಡಿಸುವವರೆಗೆ ಉಳಿದವರ ಯಾವ ತುರ್ತೂ ತುರ್ತಲ್ಲ.

ಹೀಗೆ ಎರಡು ಆಕ್ಸಲ್ಲಿನ, ಸ್ಪ್ರಿಂಗಿನ ಒತ್ತಡದಿಂದ ಹಬ್ಬಿನೊಳಗೆ ಗ್ರೀಸನ್ನು ತುಂಬಿಟ್ಟಿರುವ, ಉಪ್ಪುನೀರಿಗೆ ಬೇಗ ತುಕ್ಕು ಹಿಡಿಯದಂತೆ ಸತುವಿನ ಲೇಪವಿರುವ ಟ್ರೇಲರು ನಿಶ್ಚಯವಾಯಿತು. ರೋಲರುಗಳಿದ್ದರೆ ದೋಣಿ ಸಲೀಸಾಗಿ ನೀರಿಗಿಳಿಯುತ್ತದೆಂದು ಮಾರಾಟಗಾರ ವಾದಿಸಿದನಾದರೂ, ದಿನವಿಡೀ ಕುಲುಕುವ ರಸ್ತೆಯಲ್ಲಿ ದೋಣಿಯ ಭಾರವನ್ನು ಕೆಲವೇ ಬಿಂದುಗಳ ಮೇಲೆ ಹೊರಿಸುವುದಕ್ಕಿಂತ ಉದ್ದನೆಯ ಹಲಗೆಗಳ ಮೇಲೆ ಹರಡುವುದೇ ಲೇಸೆಂದು ನಾನು ಪಟ್ಟು ಹಿಡಿದೆ. ಎರಡು ಆಕ್ಸಲ್ಲಿನ ಟ್ರೇಲರನ್ನು ಮನೆಯಂಗಳದಲ್ಲಿ ಕೈಯಿಂದ ತಳ್ಳಿ ತಿರುಗಿಸಲಾಗದು ಎಂಬ ಅವನ ಇನ್ನೊಂದು ಮಾತು ಮಾತ್ರ ಅಕ್ಷರಶಃ ನಿಜ.

ಮುಂಗಡ ಕೊಟ್ಟು, ರಸೀದಿ ಪಡೆದು, ಎಲ್ಲರೂ ಕಾರಿನಲ್ಲಿ ಕುಳಿತೆವು. ಮಾವನವರು ಮುಂದಿನ ಸೀಟಿನ ಎದುರಿನ ಗೂಡನ್ನು ತೆರೆದು, ಕೊಂಡಂದಿನಿಂದ ಯಾರೂ ಬಿಚ್ಚದಿದ್ದ ಕಾರಿನ ಕೈಪಿಡಿಯನ್ನು ಹೊರತೆಗೆದರು. ಈ ಕಾರು ಎಳೆಯಬಹುದಾದ ಗರಿಷ್ಠ ತೂಕ, ಟ್ರೇಲರಿಗೆ ಸ್ವಂತ ಬ್ರೇಕಿದ್ದರೆ, 1,800 ಕಿಲೋ. ಅವರು ಪುಟಕ್ಕೆ ಬೆರಳಿಟ್ಟುಕೊಂಡು ಬಹಳ ಮೃದುವಾಗಿ ಕೇಳಿದರು: "ಅಳಿಯಂದಿರೇ, ನಾಳೆ ಕಾರಿನ ಅಂಗಡಿ ಎಷ್ಟು ಗಂಟೆಗೆ ತೆರೆಯುತ್ತದೆ?"