ಕೊಕ್ಕು ಪಾಪದ್ದು

ಗಿಡುಗ ಹಿಡಿಯುವ ಕಡೆಗೆ ಹೊರಟಿದ್ದೀನಿ ಅಂದರೆ ಸಾಕು, ಎಲ್ಲರದೂ ಒಂದೇ ಮಾತು: "ಕೊಕ್ಕು ಜೋಪಾನ." ಊರಿಂದ ಫೋನಿನಲ್ಲಿ ಅಮ್ಮ ಹೇಳುತ್ತಾಳೆ. ಕನ್ನಡ ಕೂಟದಲ್ಲಿ ಬಿಸಿಬೇಳೆಬಾತ್ ಬಡಿಸುತ್ತಾ ನಿಂತವರೂ ಹೇಳುತ್ತಾರೆ. ಕೊಕ್ಕಿನ ಮೇಲೆ ಇಷ್ಟು ಅಪಪ್ರಚಾರ ಯಾರು ಮಾಡಿದರೋ ಕಾಣೆ. ಗಿಡುಗದ ಕೊಕ್ಕು ಪಾಪದ್ದು. ಕುಟುಕಿದರೆ ಒಂದು ಸಲ ಚುರ್ ಅನ್ನುತ್ತದೆ, ಅಷ್ಟೇ. ಹೆದರಬೇಕಾದ್ದು ಕಾಲಿಗೆ. ಆಮೇಲೆ ಹಿಂಭಾಗಕ್ಕೆ.

ನಾವಿರುವುದು ಅಮೆರಿಕದ ಮಿನ್ನೆಸೋಟಾದಲ್ಲಿ. ಡುಲೂತ್ ಊರಿಗೆ ಒತ್ತಿಕೊಂಡೇ ಸುಪೀರಿಯರ್ ಸರೋವರ. ಹೆಸರಿಗೆ ಸರೋವರ, ನೋಡಿದರೆ ಆಚೆ ದಡವೇ ಕಾಣುವುದಿಲ್ಲ. ಚಳಿಗಾಲಕ್ಕೆ ಮುಂಚೆ ಉತ್ತರದಿಂದ ಇಳಿದು ಬರುವ ಗಿಡುಗಗಳಿಗೆ ಅಷ್ಟು ನೀರು ದಾಟಲು ಮನಸ್ಸಿಲ್ಲ. ತಣ್ಣೀರಿನ ಮೇಲೆ ಬಿಸಿಗಾಳಿ ಏಳುವುದಿಲ್ಲ, ಸುಮ್ನೆ ರೆಕ್ಕೆ ಬಡಿದು ಸುಸ್ತಾಗಬೇಕು. ಹಾಗಾಗಿ ದಡ ಹಿಡಿದುಕೊಂಡೇ ಬಂದು ಹಾಕ್ ರಿಡ್ಜ್ ಗುಡ್ಡದ ಮೇಲೆ ಹಾಯುತ್ತವೆ. ಅಲ್ಲಿ 1972ರಿಂದ ಅವನ್ನು ಬಲೆ ಹಾಕಿ ಹಿಡಿದು, ಮುಂದೆ ಎಲ್ಲಿ ಸಿಕ್ಕರೂ ಗುರುತು ಹತ್ತಲಿ ಅಂತ ಕಾಲಿಗೆ ನಂಬರಿನ ಉಂಗುರ ತೊಡಿಸಿ ಬಿಡುತ್ತಾ ಬಂದಿದ್ದಾರೆ.

ಸರ್ಕಾರದ ಪರ್ಮಿಟ್ ಇಲ್ಲದವರು ಉಂಗುರ ಮುಟ್ಟುವಂತಿಲ್ಲ. ನನ್ನಂಥವರಿಗೆ ಸಿಗುವುದು ಗುಮಾಸ್ತಿಕೆ. ಹಲಗೆ ಗುಡಿಸಲಿನಲ್ಲಿ ಕೂತು ಅವರು ಹೇಳಿದ್ದನ್ನು ಬರೆದುಕೊಳ್ಳುವುದು. ರೆಕ್ಕೆ ಇಷ್ಟು, ತೂಕ ಇಷ್ಟು, ಕಣ್ಣು ಹಳದಿ. ಕಣ್ಣಿನ ಬಣ್ಣ ಮುಖ್ಯ ನೋಡಿ. ಶಾರ್ಪ್-ಶಿನ್ಡ್ ಅನ್ನುವ ಪುಟ್ಟ ಗಿಡುಗಕ್ಕೆ ಮರಿಯಾಗಿದ್ದಾಗ ಕಣ್ಣು ಹಳದಿ, ವಯಸ್ಸಾದ ಹಾಗೆ ಕಿತ್ತಳೆ, ಕೊನೆಗೆ ಕೆಂಪು. ಕೆಂಗಣ್ಣು ಬಿಡುವುದಕ್ಕೂ ಅನುಭವ ಬೇಕು. ಉಂಗುರದ ನಂಬರಿನಲ್ಲಿ ಒಂದಂಕಿ ತಪ್ಪಾದರೂ ಎಲ್ಲರೂ ಗುಮಾಸ್ತನ ಮೇಲೇ ಗೂಬೆ ಕೂರಿಸುತ್ತಾರೆ.

ಆ ನಂಬರ್ ಓದಲು ಬಗ್ಗಿದಾಗಲೇ ಒಂದು ಹೆಣ್ಣು ಗಿಡುಗ ನನ್ನ ಹೆಬ್ಬೆರಳು ಹಿಡಿಯಿತು. ಇವುಗಳಲ್ಲಿ ಹೆಣ್ಣೇ ದೊಡ್ಡದು. ಹೆಣ್ಣಿಗೆ ಬೇರೆ ಅಳತೆಯ ಉಂಗುರ, ಗಂಡಿಗೆ ಬೇರೆ. "ಎಳೀಬೇಡಿ" ಅಂದರು ಪರ್ಮಿಟ್ ಇದ್ದಾಕೆ, ಟೀ ಕುಡಿಯುತ್ತಾ ಮಾತಾಡುವಷ್ಟು ನಿಧಾನವಾಗಿ. ಎಳೆದಷ್ಟೂ ಬಿಗಿಯಾಗುತ್ತದಂತೆ. ಬೆರಳಿನ ಸ್ನಾಯುರಜ್ಜುಗಳು ತಾವಾಗಿಯೇ ಲಾಕ್ ಆಗುವಂಥ ವ್ಯವಸ್ಥೆ ಅದರ ಕಾಲಿನಲ್ಲಿದೆ. ಕಾಲನ್ನು ಮೆಲ್ಲಗೆ ನೆಟ್ಟಗೆ ಮಾಡಿದರೆ ಹಿಡಿತ ಸಡಿಲ. ಅವರು ಮಾಡಿದರು, ಬಿಟ್ಟಿತು. ಕೊಕ್ಕು ಮಾತ್ರ ಅಷ್ಟು ಹೊತ್ತೂ ತೆರೆದ ಬಾಯಿ ತೆರೆದ ಹಾಗೇ ಇತ್ತು. ಏನೂ ಮಾಡಲಿಲ್ಲ.

ಇನ್ನು ತೂಕ. ಪ್ರಿಂಗಲ್ಸ್ ಚಿಪ್ಸ್ ಡಬ್ಬಿ ಗೊತ್ತಲ್ವಾ? ಪುಟ್ಟ ಗಿಡುಗಕ್ಕೆ ಅದು ಅಳತೆ ತೆಗೆದು ಹೊಲಿಸಿದ ಹಾಗೆ ಸರಿಹೋಗುತ್ತದೆ. ತಲೆ ಮುಂದಾಗಿ ಒಳಗೆ ತೂರಿಸಿದರೆ ಕತ್ತಲಲ್ಲಿ ತಣ್ಣಗಾಗಿ ಮಲಗುತ್ತದೆ. ಡಬ್ಬಿ ಸಮೇತ ತಕ್ಕಡಿಗೆ ಇಡುವುದು. ಆದರೆ ಡಬ್ಬಿಯಿಂದ ಹೊರಗೆ ಉಳಿಯುವುದು ಬಾಲ, ಮತ್ತು ಬಾಲದ ಕೆಳಗಿನದು. ಅದರ ಎದುರಿಗೆ ಗುಮಾಸ್ತನ ಕುರ್ಚಿ. ಡೇಗೆಗಳು, ಅಂದರೆ ಫಾಲ್ಕನ್‌ಗಳು, ಸಭ್ಯರು, ಏನಿದ್ದರೂ ನೆಟ್ಟಗೆ ಕೆಳಕ್ಕೆ ಹಾಕುತ್ತವೆ. ಗಿಡುಗ ಹಾಗಲ್ಲ. ಹೋಳಿ ಪಿಚಕಾರಿ. "ತೂಕ 174 ಗ್ರಾಂ" ಅಂತ ಬರೆಯುವಷ್ಟರಲ್ಲಿ ಹಾಳೆ, ಕನ್ನಡಕ, ಅಂಗಿಯ ಜೇಬು ಎಲ್ಲಾ ಬೆಳ್ಳಗೆ. ಅಲ್ಲಿದ್ದವರ ಚಿಂತೆ ಒಂದೇ: ತೂಕ ನೋಡಿದ್ದು ಮುಂಚೆಯೋ ಆಮೇಲೋ?

ಇನ್ನೊಂದು ಕಷ್ಟ ನಾನು ಭಾರತದವನು ಎಂಬುದು. ರಸ್ತೆ ಬದಿಯಲ್ಲಿ ಗಿಡುಗ ಹಿಡಿಯಲು ಇಲ್ಲಿ ಬಾಲ್-ಛತ್ರಿ ಅನ್ನುವ ಬೋನು ಬಳಸುತ್ತಾರೆ. ಒಳಗೆ ಇಲಿ, ಮೇಲೆಲ್ಲಾ ನೈಲಾನ್ ಕುಣಿಕೆ. ಇಲಿಗೆ ಏನೂ ಆಗುವುದಿಲ್ಲ, ಎರಗಿದ ಹಕ್ಕಿಯ ಬೆರಳು ಕುಣಿಕೆಗೆ ಸಿಕ್ಕಿಕೊಳ್ಳುತ್ತದೆ. ಮೂಲ ನಮ್ಮ ದೇಶದ ಬೇಟೆಗಾರರದ್ದು, 1950ರ ದಶಕದಲ್ಲಿ ಇಲ್ಲಿನವರು ತಿದ್ದಿ ತಮ್ಮದಾಗಿಸಿಕೊಂಡರು. "ಇದು ನಿಮಗೆ ಚೆನ್ನಾಗಿ ಗೊತ್ತಿರುತ್ತೆ, ಅಲ್ವಾ?" ಅಂತ ಕುಣಿಕೆ ಗಂಟು ಹಾಕಲು ನನ್ನ ಕೈಗೇ ಕೊಡುತ್ತಾರೆ. ನಾನು ಊರಲ್ಲಿ ಕಂಡದ್ದು ಇಲಿ ಬೋನು. ಅದರಲ್ಲೂ ಇಲಿ ಬೀಳುತ್ತಿರಲಿಲ್ಲ.

ಅಕ್ಟೋಬರ್ ರಾತ್ರಿಗಳಲ್ಲಿ ಗೂಬೆಗಳ ಸರದಿ. ಸಾ-ವೆಟ್ ಅಂತ ಅಂಗೈಯಗಲದ ಗೂಬೆ. ಗಂಡಿನ ಕೂಗನ್ನು ಸ್ಪೀಕರಿನಲ್ಲಿ ಹಾಕಿದರೆ ಬಂದು ತೆಳ್ಳನೆ ಬಲೆಗೆ ಬೀಳುತ್ತದೆ. ಅಮ್ಮನಿಗೆ ಹೇಳಿದರೆ, "ಹೊರಗೇ ಸ್ನಾನ ಮಾಡಿ ಒಳಗೆ ಬಾ" ಅಂದಳು. ಹೊರಗೆ ಹಿಮ ಉದುರುತ್ತಿತ್ತು.

ಗೂಬೆಯ ವಯಸ್ಸು ಕಣ್ಣಲ್ಲಿ ಗೊತ್ತಾಗುವುದಿಲ್ಲ. ದೀಪ ಆರಿಸಿ, ರೆಕ್ಕೆಯ ಅಡಿಗೆ ನೇರಳಾತೀತ ಟಾರ್ಚ್ ಬಿಡಬೇಕು. ಹೊಸ ಗರಿ ಗುಲಾಬಿಯಾಗಿ ಹೊಳೆಯುತ್ತದೆ, ಹಳೆಯದು ಮಂಕು. ಪೂರ್ತಿ ಗುಲಾಬಿಯಾದರೆ ಈ ವರ್ಷದ ಮರಿ. ನಾನು ಟಾರ್ಚ್ ಹಿಡಿದೆ. ರೆಕ್ಕೆ ಈ ತುದಿಯಿಂದ ಆ ತುದಿವರೆಗೆ ಗುಲಾಬಿ. ಅದರ ಪಕ್ಕ ನನ್ನ ಬೆರಳುಗಳು ಹಳದಿ ಹಸಿರಾಗಿ ಮಿರಮಿರ ಮಿಂಚುತ್ತಿದ್ದವು. ಡಬ್ಬಿಯಲ್ಲಿ ತಂದಿದ್ದ ಚಿತ್ರಾನ್ನದ ಅರಿಶಿನ. ಎಲ್ಲರೂ ಗೂಬೆ ಬಿಟ್ಟು ನನ್ನ ಕೈ ನೋಡತೊಡಗಿದರು. ಪರ್ಮಿಟ್ ಇದ್ದಾಕೆ ನನ್ನ ಬೆರಳನ್ನು ಅತ್ತ ಇತ್ತ ತಿರುಗಿಸಿ, ಈ ಬಣ್ಣಕ್ಕೆ ತಮ್ಮ ಪಟ್ಟಿಯಲ್ಲಿ ವಯಸ್ಸೇ ಇಲ್ಲ ಅಂದರು.

"ಬರೆದುಕೊಳ್ಳಲಾ?" ಅಂತ ಕೇಳಿದೆ.